ಪಕ್ಷ ಬದಲಿಸುವ ಪಾಠ

ಬಂಗುಡೆ ಮೀನುಗಳ ಕಿವಿರು ಕಿತ್ತು ಮಣ್ಣಿನ ಚಟ್ಟಿಗೆ ಹಾಕುತ್ತಿದ್ದೆ. ಜುಡಿತ್ ಎದುರಿನ ಮಣೆಯಲ್ಲಿ ಕೂತು, "ಅಕ್ಕು ಅಮ್ಮ, ಇವತ್ತು ನೀವು ನನ್ನ ವಿರುದ್ಧ" ಎಂದಳು.

ಅವಳು ಲಂಡನ್ನಿನವಳು. ಅಲ್ಲಿ ಉದಾರಪಂಥದ ಯೆಹೂದ್ಯರ ಕಾಲೇಜೊಂದರಲ್ಲಿ ರಬ್ಬಿ, ಅಂದರೆ ಅವರ ಧರ್ಮಗುರು, ಆಗಲು ಓದುತ್ತಿದ್ದಳು. ಆ ಪಂಥದಲ್ಲಿ ಹೆಂಗಸರಿಗೂ ಗುರುಪಟ್ಟ ಉಂಟು. ಕೊನೆಯ ವರ್ಷದ ಓದು ಬಾಕಿ ಇರುವಾಗ ರಜೆ ಹಾಕಿ, ಮಣಿಪಾಲದಲ್ಲಿ ರೋಗಿಗಳ ಸೇವೆಗೆಂದು ಬಂದವಳು ಕಾಪುವಿನ ನಮ್ಮ ಮನೆಯಲ್ಲಿ ಕೋಣೆ ಹಿಡಿದಿದ್ದಳು. ಕನ್ನಡವನ್ನೂ ಕಲಿತಿದ್ದಳು. ಮರಳಿ ಬರುತ್ತೀಯಾ ಎಂದು ಕಾಲೇಜು ಕೇಳಿ ತಿಂಗಳುಗಳಾಗಿದ್ದರೂ ಉತ್ತರ ಬರೆದಿರಲಿಲ್ಲ.

ಅವರ ಓದು ಬಾಯಿಪಾಠವಲ್ಲ. ಇಬ್ಬರು ಎದುರುಬದುರು ಕೂತು ಜಗಳವಾಡಬೇಕು. ಆಮೇಲೆ ಪಕ್ಷ ಬದಲಿಸಿ ಪುನಃ ಜಗಳವಾಡಬೇಕು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನನಗೆ ಈ ಕ್ರಮ ಹಿಡಿಸಿತ್ತು.

"ನನ್ನ ಅಪ್ಪ ಯೆಹೂದ್ಯ, ಅಮ್ಮ ಅಲ್ಲ. ಹಳೆಯ ಕ್ರಮದವರಿಗೆ ತಾಯಿಯ ಕಡೆಯೇ ಲೆಕ್ಕ, ನನ್ನನ್ನು ಯೆಹೂದ್ಯಳೆಂದು ಒಪ್ಪುವುದಿಲ್ಲ. ಕಾಲೇಜು ಒಪ್ಪುತ್ತದೆ. ಯಾರು ಸರಿ?"

"ಹಳಬರೇ ಸರಿ. ಎಂತ ಕೇಳ್ತಿ ಮಾರಾಯ್ತಿ? ನಮ್ಮಲ್ಲೂ ಬರಿ, ಅಂದ್ರೆ ಕುಲ, ತಾಯಿಯದ್ದು. ಅಪ್ಪನ ಮೀಸೆ ನೋಡಿ ಯಾರೂ ಬರಿ ಹೇಳುವುದಿಲ್ಲ."

ಅವಳು ನಗಲಿಲ್ಲ. "ಹಾಗಾದರೆ ನಾನು ಮರಳಿ ಹೋಗುವುದು ಬೇಡ" ಎಂದು ಎದ್ದಳು.

"ಕೂತ್ಕೋ. ಪಕ್ಷ ಬದಲಿಸ್ಲಿಕ್ಕೆ ಉಂಟಲ್ವಾ? ಅರ್ಧದಲ್ಲಿ ಎದ್ದರೆ ಫೇಲ್."

ಕೂತಳು. ಈಗ ನಾನು ಅವಳ ಪರ ಮಾತಾಡಬೇಕು. ಇನ್ನೊಂದು ಮೀನು ಕೊಯ್ದು ಮುಗಿಸುವಾಗ ಅಮ್ಮನ ನೆನಪಾಯಿತು.

"ನನ್ನ ಅಜ್ಜಿಗೆ ಹೆಣ್ಣುಮಕ್ಕಳಿರಲಿಲ್ಲ. ಬರಿ ನಿಂತು ಹೋಗ್ತದೆ ಅಂತ ಬೇರೆ ಬರಿಯ ಹುಡುಗಿಯನ್ನು ತಂದು, ಮನೆಯ ದೈವದ ಎದುರು ನಿಲ್ಲಿಸಿ, ಇವಳು ನಮ್ಮವಳು ಅಂದ್ರು. ಅವಳೇ ನನ್ನಮ್ಮ. ಆಮೇಲೆ ನಿನ್ನ ಬರಿ ಯಾವುದು ಅಂತ ಅವಳನ್ನೂ ಯಾರೂ ಕೇಳ್ಲಿಲ್ಲ, ನನ್ನನ್ನೂ ಕೇಳ್ಲಿಲ್ಲ. ಒಳಗೆ ಕರೆಯುವ ಹಕ್ಕು ಮನೆಗೆ ಉಂಟು. ನಿನ್ನನ್ನು ಕರೆದವರು ಇದ್ದಾರಲ್ಲ?"

"ಇದು ವಾದಕ್ಕೆ ಹೇಳಿದ್ದಾ, ನಿಜವಾ?"

"ಪಕ್ಷ ಬದಲಿಸಿದ್ದು ನಿನ್ನ ಕಾಲೇಜಿನ ನಿಯಮಕ್ಕೆ. ವಾದಕ್ಕೆ ಅಂತ ಅಮ್ಮನನ್ನು ಹುಟ್ಟಿಸ್ಲಿಕ್ಕೆ ಆಗ್ತದಾ?"

ಜುಡಿತ್ ಚಟ್ಟಿಯನ್ನು ನನ್ನ ಹತ್ತಿರ ಸರಿಸಿದಳು. "ಹಳಬರು ಇದನ್ನೂ ಒಪ್ಪಲಿಕ್ಕಿಲ್ಲ."

"ಒಪ್ಪಲಿಕ್ಕಿಲ್ಲ. ಅವರ ಎದುರೂ ಹೀಗೇ ಕೂತು ಜಗಳ ಮಾಡು."

ಮರುದಿನ ಅಂಚೆ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದಳು. ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ಬರುತ್ತೇನೆ ಎಂದು. ಅಂಟು ಒಣಗಲಿ ಎಂದು ಲಕೋಟೆಯನ್ನು ಗಾಳಿಗೆ ಹಿಡಿದು ನಿಂತಳು. ಒಳಗೆ ಅಂಚೆ ಚೀಲ ಕಟ್ಟುತ್ತಿದ್ದವರು, "ಹಾಕುವುದಾದ್ರೆ ಈಗ ಹಾಕಿ, ಟಪಾಲಿನ ಬಸ್ಸು ಬಂತು" ಎಂದರು. ಹಾಕಿದಳು.