ಗಡಿಯಾರ ಮೇಷ್ಟ್ರ ಇಪ್ಪತ್ತು ನಿಮಿಷ

ದೈಹಿಕ ಶಿಕ್ಷಣದ ತರಬೇತಿ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಗಡಿಯಾರ ಮೇಷ್ಟ್ರು ಎನ್ನುತ್ತಿದ್ದರು. ಶಿಕ್ಷಕರಾಗಲು ಬಂದವರು ಪಕ್ಕದ ಶಾಲೆಯ ಮಕ್ಕಳಿಗೆ ಪಾಠ ಮಾಡಿ ತೋರಿಸುವಾಗ ಅವರು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವರು. ಮನಸ್ಸಿನಲ್ಲೇ ಒಂದು ಮಗುವನ್ನು ಆರಿಸಿಕೊಳ್ಳುವರು. ಆ ಮಗು ಓಡಿದರೆ, ಎಸೆದರೆ, ನೆಗೆದರೆ ಕೈಯಲ್ಲಿದ್ದ ಸ್ಟಾಪ್‌ವಾಚ್ ಓಡುವುದು. ಮಗು ನಿಂತರೆ ಅದೂ ನಿಲ್ಲುವುದು. ನಲವತ್ತು ನಿಮಿಷದ ಪಾಠದಲ್ಲಿ ವಾಚು ಇಪ್ಪತ್ತು ನಿಮಿಷವಾದರೂ ಓಡಿರಬೇಕು. ಇಲ್ಲದಿದ್ದರೆ ಫೇಲು. ಎರಡು ಸಲ ಫೇಲಾದರೆ ಇಡೀ ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅಕ್ಕ ಒಂದು ಸಲ ಫೇಲಾಗಿದ್ದಳು.

ಮೂವತ್ತಾರು ದಾಟಿ, ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಮೇಲೆ ತರಬೇತಿಗೆ ಸೇರಿದವಳು ಆಕೆಯೊಬ್ಬಳೇ. ಹಾಗಾಗಿ ತರಗತಿಗೆಲ್ಲ ಅಕ್ಕ. ಓದುವ ಕಾಲದಲ್ಲಿ ಓಟಕ್ಕೆ ನಿಂತರೆ ಅವಳ ಹಿಮ್ಮಡಿ ನೋಡುವುದಷ್ಟೇ ಉಳಿದವರ ಪಾಲಿಗಿತ್ತು. ಈಗಲೂ ಕೈಕಾಲಿನಲ್ಲಿ ಆ ಚುರುಕು ಹೋಗಿರಲಿಲ್ಲ. ಅವಳನ್ನು ಕೆಡಿಸಿದ್ದೂ ಅದೇ. ಮೊದಲ ಪಾಠದಲ್ಲಿ ಚೆಂಡು ಎಸೆಯುವುದು ಹೇಗೆ, ಹಿಡಿಯುವುದು ಹೇಗೆ ಎಂದು ಎಷ್ಟು ಚೆನ್ನಾಗಿ ಮಾಡಿ ತೋರಿಸಿದಳೆಂದರೆ ಮೂವತ್ತು ಮಕ್ಕಳೂ ಬಾಯಿ ತೆರೆದು ನೋಡುತ್ತಾ ನಿಂತವು. ಆಮೇಲೆ ಒಂದೇ ಸಾಲು, ಒಂದೇ ಚೆಂಡು, ಸರದಿಯ ಮೇಲೆ ಒಬ್ಬೊಬ್ಬರು.

ಮೇಷ್ಟ್ರು ಆರಿಸಿಕೊಂಡಿದ್ದು ಸಾಲಿನ ಕೊನೆಯ ಹುಡುಗಿಯನ್ನು. ಅವಳಿಗೆ ಮಕ್ಕಳು ಇಟ್ಟ ಹೆಸರು ಬಾಲಂಗೋಚಿ. ಸರದಿ ಹತ್ತಿರ ಬಂದಾಗಲೆಲ್ಲ "ನೀನು ಹೋಗೇ, ನನ್ನ ಲೇಸು ಬಿಚ್ಚಿದೆ" ಎಂದು ಹಿಂದಿನವಳನ್ನು ಮುಂದೆ ಬಿಟ್ಟು ಮತ್ತೆ ಬಾಲಕ್ಕೆ ಸೇರಿಕೊಳ್ಳುತ್ತಿದ್ದಳು. ಪಾಠ ಮುಗಿದಾಗ ವಾಚಿನಲ್ಲಿದ್ದದ್ದು ನಾಲ್ಕು ನಿಮಿಷ, ಅದೂ ಶುರುವಿನಲ್ಲಿ ಎಲ್ಲರೂ ಮೈದಾನ ಸುತ್ತಿ ಓಡಿದ್ದರಿಂದ.

"ವ್ಯಾಯಾಮ ನಿಮಗೆ ಚೆನ್ನಾಗಿ ಆಯ್ತಮ್ಮ. ಮಕ್ಕಳಿಗೆ ಯಾವಾಗ?" ಎಂದಿದ್ದರು ಮೇಷ್ಟ್ರು.

ಎರಡನೆಯ ಪಾಠಕ್ಕೆ ಒಂಬತ್ತು ದಿನ ಉಳಿದಿತ್ತು. ಮಕ್ಕಳೂ ಅವರೇ, ಮೈದಾನವೂ ಅದೇ. ಜೊತೆಗೆ ಕಲಿಯುತ್ತಿದ್ದ ಎತ್ತರದವನು, ಎಲ್ಲರೂ ಕಂಬ ಎನ್ನುತ್ತಿದ್ದವನು, ಗುಟ್ಟಿನಲ್ಲಿ ಉಪಾಯ ಹೇಳಿಕೊಟ್ಟ.

"ಅಕ್ಕಾ, ಆ ಬಾಲಂಗೋಚಿಗೆ ಅವತ್ತು ತಲೆನೋವು ಅಂತ ಮರದಡಿ ಕೂರಿಸಿಬಿಡಿ. ಕೂತ ಮಕ್ಕಳ ಮೇಲೆ ವಾಚು ಹಾಕೋ ಹಾಗಿಲ್ಲ."

"ಕಂಬ, ನಾನು ಎರಡು ಹೆತ್ತೋಳು ಕಣೋ. ಒಂದನ್ನ ಮೂಲೇಲಿ ಕೂರಿಸಿ ಇನ್ನೊಂದಕ್ಕೆ ಬಡಿಸೋದು ನನಗೆ ಬರಲ್ಲ."

"ಹಾಗಾದ್ರೆ ದೇವರೇ ಗತಿ."

"ದೇವರಿಗೂ ಮೂವತ್ತು ಮಕ್ಕಳನ್ನ ಒಟ್ಟಿಗೆ ಕೊಟ್ಟು ನೋಡಬೇಕು" ಎಂದು ನಕ್ಕಳು.

ದಾರಿ ಸಿಕ್ಕಿದ್ದು ಮನೆಯಲ್ಲಿ. ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲ ಮುಂದೆ ಎಂದಿನ ಸಾಲು: ಗಂಡ, ದೊಡ್ಡವಳು, ಚಿಕ್ಕವಳು. ಮೂವರೂ ಟವೆಲು ಹೊದ್ದು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಅಕ್ಕ ಒಲೆಯ ಮುಂದಿನಿಂದ ಕೂಗುತ್ತಲೇ ಇದ್ದಳು. ಅತ್ತೆ ತಾಳ್ಮೆಗೆಟ್ಟು ಎದ್ದರು.

"ಏನೇ ನೀನು, ಗಂಟಲು ಹರಿದುಕೊಂಡ್ರೆ ಬಚ್ಚಲು ಅಗಲ ಆಗುತ್ತಾ? ಸಾಲಲ್ಲಿ ನಿಲ್ಲಿಸಿದ್ರೆ ನಿಂತೇ ಇರ್ತಾವೆ. ಲೇ ಚಿಕ್ಕದೇ, ಹಾಸಿಗೆ ಮಡಿಸು. ದೊಡ್ಡವಳೇ, ಕೂದಲು ಬಾಚ್ಕೋ. ನೀನೇನೋ ನೋಡ್ತಾ ನಿಂತೆ ಮಗನೇ, ಷರಟಿಗೆ ಇಸ್ತ್ರಿ ಹಾಕು!"

ಮೂರು ದಿಕ್ಕಿಗೆ ಮೂವರು ಓಡಿದರು. ಅಕ್ಕ ಸೌಟು ಹಿಡಿದವಳು ಹಾಗೇ ನಿಂತಳು. ಬಚ್ಚಲು ಒಂದೇ, ಸರಿ. ಆದರೆ ಚೆಂಡು ಒಂದೇ ಇರಬೇಕೆಂದು ಯಾರು ಹೇಳಿದರು?

ಆ ಸಂಜೆಯೇ ಮನೆಯ ಕಾಲುಚೀಲಗಳೆಲ್ಲ ನೆಲದ ಮೇಲೆ ಗುಡ್ಡೆ ಬಿದ್ದವು.

"ನನ್ನ ಮಗ ಬರಿಗಾಲಲ್ಲಿ ಕೆಲಸಕ್ಕೆ ಹೋಗಬೇಕಾ?" ಎಂದರು ಅತ್ತೆ.

"ಜೋಡಿ ತಪ್ಪಿದ್ದು ಮಾತ್ರ ತಗೊಂಡೆ ಅತ್ತೆ."

"ಈ ಮನೇಲಿ ಜೋಡಿ ಸರಿಯಿರೋದು ಯಾವುದಿದೆ ಹೇಳು!"

ಹಾಗೆನ್ನುತ್ತಲೇ ಅತ್ತೆ ಕನ್ನಡಕ ಹುಡುಕಿ ಸೂಜಿಗೆ ದಾರ ಪೋಣಿಸಿದರು. ಅಕ್ಕಪಕ್ಕದ ಮನೆಗಳಿಂದಲೂ ಒಂಟಿ ಕಾಲುಚೀಲ ಬಂದವು. ಹಳೇ ಬಟ್ಟೆಯ ಚೂರು ತುಂಬಿ, ಬಾಯಿ ಹೊಲಿದು, ಎಂಟು ದಿನದಲ್ಲಿ ಮೂವತ್ತು ಚೆಂಡು ಸಿದ್ಧವಾದವು.

ಪಾಠದ ದಿನ ಮೇಷ್ಟ್ರು ಕುರ್ಚಿಯಲ್ಲಿ ಕೂತು, ಪಾಠದ ಯೋಜನೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಚು ಕೈಗೆತ್ತಿಕೊಂಡರು. ಅಕ್ಕ ಈ ಸಲ ಏನನ್ನೂ ಮಾಡಿ ತೋರಿಸಲಿಲ್ಲ. ಶಾಲೆಯ ಉದ್ದನೆ ಗೋಡೆಯ ಮೇಲೆ ಗುರಿಗೆಂದು ಸುಣ್ಣದಲ್ಲಿ ಮೂವತ್ತು ದುಂಡನೆ ಸುತ್ತು ಬರೆದಿದ್ದಳು. "ಒಬ್ಬೊಬ್ಬರಿಗೆ ಒಂದು ಚೆಂಡು, ಒಂದು ಸುತ್ತು. ಹೊಡೀರಿ, ಓಡಿಹೋಗಿ ತನ್ನಿ, ಮತ್ತೆ ಹೊಡೀರಿ" ಎಂದು ಸೀಟಿ ಊದಿದಳು. ಅಷ್ಟೇ.

ಗೋಡೆಯ ಮೇಲೆ ಧಪಧಪ ಶುರುವಾಯಿತು. ಬಾಲಂಗೋಚಿ ಎಡಬಲ ನೋಡಿದಳು. ಹಿಂದೆ ಸರಿದು ನಿಲ್ಲಲು ಸಾಲೇ ಇರಲಿಲ್ಲ. ತನ್ನನ್ನು ನೋಡುವವರೂ ಇರಲಿಲ್ಲ. ಎಲ್ಲರಿಗೂ ಅವರವರ ಚೆಂಡಿನದೇ ಚಿಂತೆ. ಒಂದು ಸಲ ಎಸೆದಳು. ಗೋಡೆ ಮುಟ್ಟಲಿಲ್ಲ. ಓಡಿಹೋಗಿ ತಂದಳು. ಮತ್ತೆ ಎಸೆದಳು.

ಎಲ್ಲ ಸುಸೂತ್ರ ಅನ್ನುವಾಗಲೇ ಒಂದು ಚೆಂಡು ಹರಿಯಿತು. ಹೊಲಿಗೆ ಬಿಚ್ಚಿ ಬಟ್ಟೆಯ ಚೂರು ಗಾಳಿಗೆ ಮೈದಾನದ ತುಂಬ ಹಾರಿತು. ಮಕ್ಕಳು ಹೋ ಎಂದರು. ಅಕ್ಕನ ಕೈ ಸೀಟಿಯ ಮೇಲೆ ಹೋಯಿತು. ಊದಿದರೆ ಮೂವತ್ತು ಜನ ನಿಲ್ಲುತ್ತಾರೆ, ವಾಚೂ ನಿಲ್ಲುತ್ತದೆ. ಕೈ ಕೆಳಗಿಳಿಸಿದಳು.

ಅಷ್ಟರಲ್ಲಿ ಬಾಲಂಗೋಚಿ ಬಂದು ನಿಂತಿದ್ದಳು. ಮುಖದಲ್ಲಿ ಬಲು ವಿನಯ.

"ಮಿಸ್, ನಾನು ಒಂದು ಕಡೆ ಕೂತು ಅದನ್ನೆಲ್ಲ ಆರಿಸ್ಲಾ? ಆಟ ಆಮೇಲೆ ಆಡ್ತೀನಿ."

ಅಕ್ಕನಿಗೆ ನಗು ಬಂತು. ಲೇಸಿನ ನೆಪದ ತಂಗಿಯೇ ಇದು! ಬೈಯಬಹುದಿತ್ತು. ಅವಳು ಬಗ್ಗಿ ಆ ಹುಡುಗಿಯ ಕಣ್ಣಿನ ಮಟ್ಟಕ್ಕೆ ಬಂದಳು.

"ಆರಿಸು ಪುಟ್ಟಾ. ಒಂದು ಸಲಕ್ಕೆ ಒಂದೇ ಚೂರು. ತಂದು ಈ ಬುಟ್ಟಿಗೆ ಹಾಕಬೇಕು. ಗಾಳಿ ನಿನಗಿಂತ ಮುಂಚೆ ಎತ್ಕೊಂಡು ಹೋಗಬಾರದು, ನೋಡು."

ಹುಡುಗಿ ಗಾಳಿಯ ಕಡೆ ನೋಡಿದಳು. ಓಡಿದಳು. ಚೂರೊಂದು ಅವಳ ಬೆರಳಿಗೆ ಸಿಗುವಷ್ಟರಲ್ಲಿ ಹಾರಿತು. "ಏಯ್!" ಎಂದು ಅದರ ಬೆನ್ನು ಹತ್ತಿದಳು. ಹಿಡಿದು ತಂದು ಬುಟ್ಟಿಗೆ ಹಾಕಿ, ಉಸಿರು ಬಿಡದೆ ಮತ್ತೊಂದರ ಹಿಂದೆ ಹೋದಳು. ಕೊನೆಯ ಚೂರು ಸಿಕ್ಕಮೇಲೆ ಯಾರೂ ಹೇಳದೆಯೇ ಗೋಡೆಗೆ ಮರಳಿದಳು.

ಪಾಠ ಮುಗಿಯಿತು. ಮೇಷ್ಟ್ರು ವಾಚು ತೋರಿಸಿದರು. ಇಪ್ಪತ್ತೆರಡು ನಿಮಿಷ.

"ಅದೇ ಹುಡುಗಿ ಮೇಲೆ ಹಾಕಿದ್ದೆ" ಎಂದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟರು. "ಆದ್ರೆ ಅದರಲ್ಲಿ ನಾಲ್ಕು ನಿಮಿಷ ಬಟ್ಟೆ ಆರಿಸಿದ್ದು. ನಿಮ್ಮ ಯೋಜನೇಲಿ ಅದು ಬರೆದಿಲ್ಲ. ಕಳೆದ್ರೆ ಹದಿನೆಂಟು."

ದೂರದಲ್ಲಿ ನಿಂತಿದ್ದ ಕಂಬನ ಮುಖ ಬಾಡಿತು. ಅಕ್ಕ ಸೆರಗು ಸರಿಮಾಡಿಕೊಂಡಳು.

"ಸರ್, ನಿಮ್ಮ ವಾಚು ಮಗುವಿನ ಕಾಲು ನೋಡುತ್ತೋ, ನನ್ನ ಕಾಗದ ನೋಡುತ್ತೋ?"

ಮೇಷ್ಟ್ರು ಗೋಡೆಯ ಕಡೆ ನೋಡಿದರು. ಉಳಿದ ಮಕ್ಕಳು ನೀರಿನ ನಲ್ಲಿಗೆ ಮುತ್ತಿದ್ದರೂ ಬಾಲಂಗೋಚಿ ಇನ್ನೂ ಸುಣ್ಣದ ಸುತ್ತಿಗೆ ಗುರಿಯಿಡುತ್ತಿದ್ದಳು. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

"ಇಪ್ಪತ್ತೆರಡು" ಎಂದು ಬರೆದು ಸಹಿ ಹಾಕಿದರು. "ಮುಂದಿನ ಸಲ ಯೋಜನೇಲೇ ಬರೀರಿ ಮೇಡಂ: ಹದಿನೈದನೇ ನಿಮಿಷಕ್ಕೆ ಒಂದು ಚೆಂಡು ಹರಿಯಬೇಕು ಅಂತ."

ಮೇಷ್ಟ್ರು ತನ್ನನ್ನು ಮೇಡಂ ಎಂದು ಕರೆದದ್ದು ಅದೇ ಮೊದಲೆಂಬುದು ಅಕ್ಕನ ಗಮನಕ್ಕೆ ಬರಲೇ ಇಲ್ಲ. ಅವಳಾಗಲೇ ಗೋಡೆಯ ಕಡೆ ಹೊರಟಿದ್ದಳು, ಮೊಣಕೈ ಇನ್ನೂ ಸ್ವಲ್ಪ ಮೇಲಿರಲಿ ಎಂದು ಆ ಹುಡುಗಿಗೆ ಹೇಳಲು.