ಮೂರನೇ ಸಲ ಸುಡಬೇಕಾದ ನೀರು

ಹಂದಿ ಕೊಯ್ದಾದ ಮೇಲೆ ನಮ್ಮ ಅಂಗಳದಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಮಾತೇನಿದ್ದರೂ ಅಪ್ಪನ ಬೆರಳಿನದು. ಹಂದಿಯ ಕೂದಲು ಸಡಿಲಿಸಲು ಮರದ ತೊಟ್ಟಿಗೆ ಸುರಿದ ಬಿಸಿನೀರಿನಲ್ಲಿ ಅವರು ತೋರುಬೆರಳನ್ನು ಬೇಗಬೇಗ ಅದ್ದಿ ತೆಗೆಯುತ್ತಾರೆ. ಎರಡು ಸಲ ಬೆರಳು ಬಿಸಿ ತಡೆಯಬೇಕು, ಮೂರನೇ ಸಲ ತಡೆಯಬಾರದು. ಅದೇ ಹದ. ಅದಕ್ಕಿಂತ ಬಿಸಿಯಾದರೆ ಚರ್ಮ ಬೆಂದು ಕೂದಲು ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಕೆರೆದರೂ ಬರುವುದಿಲ್ಲ. ಚರ್ಮವನ್ನೇ ಸುಲಿಯಬೇಕು, ಅದಕ್ಕಂಟಿಕೊಂಡು ನೆಣವೂ ಹೋಗುತ್ತದೆ. ಅಜ್ಜನ ಕಾಲದ ಈ ಕರಿ ತಳಿಯನ್ನು ನಾವು ಸಾಕುವುದೇ ನೆಣಕ್ಕೆ. ವರ್ಷವಿಡೀ ನಮ್ಮ ಬಾಣಲೆಗೆ ಬೀಳುವುದು ಅದೇ.

ಅಪ್ಪ ಬೆರಳು ಅದ್ದಿದರು. ಮತ್ತೆ ಅದ್ದಿದರು. ಮೂರನೇ ಸಲವೂ ಆರಾಮಾಗಿ ಅದ್ದಿದರು.

"ಇನ್ನೂ ಸಾಲದು. ಒಂದು ಬಕೆಟ್ ಸುರಿ."

ಅಣ್ಣ ಕುದಿಯುವ ಹಂಡೆಯಿಂದ ತಂದು ಸುರಿದ. ಆವಿ ಮುಖಕ್ಕೆ ಹೊಡೆಯಿತು. ನನಗೆ ಮೊನ್ನೆಯದು ನೆನಪಾಯಿತು. ಅಪ್ಪ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿದ್ದರು. "ಬಟ್ಟೆ ಹಿಡೀಬಾರದಾ?" ಎಂದಿದ್ದಕ್ಕೆ, "ನಿನ್ನ ಥರ ನಾಜೂಕಿನ ಕೈಯಲ್ಲಮ್ಮ ಇದು" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿಯುತ್ತದೆ ಎಂದು ಗೊತ್ತಿತ್ತು. ಕೈಗೂ ಹಾಗಾಗಬಹುದೆಂದು ಆಗ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಮಣ್ಣು ತುಂಬಿಕೊಂಡಿತ್ತು.

"ಇನ್ನೊಂದು," ಎಂದರು ಅಪ್ಪ.

"ಬೇಡ ಅಣ್ಣಾ, ನಿಲ್ಲು."

"ಅಪ್ಪಂಗೇ ಪಾಠ ಹೇಳ್ಕೊಡೋಕೆ ಬಂದ್ಯಾ?" ಅಣ್ಣ ಗುರುಗುಟ್ಟುತ್ತಲೇ ಇನ್ನೊಂದು ಬಕೆಟ್ ಸುರಿದ.

ಇವನಿಗೆ ಏನಂತ ಹೇಳಲಿ? ನಲವತ್ತು ವರ್ಷ ಈ ಕೆಲಸ ಮಾಡಿದವರ ಮುಖಕ್ಕೆ, ನಿಮ್ಮ ಬೆರಳಿಗೆ ಜೀವವಿಲ್ಲ ಎನ್ನಲೇ? ಇಬ್ಬರೂ ಹಂದಿಯನ್ನು ಎತ್ತಲು ಬಾಗಿದರು. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಅಂತ ಗೊತ್ತಿಲ್ಲ. ಹೋಗಿ ತೊಟ್ಟಿಗೆ ಬೆರಳು ಅದ್ದಿದೆ.

"ಅಮ್ಮಾ!"

ಮೊದಲ ಸಲಕ್ಕೇ ಸುಟ್ಟಿತು. ಬೆರಳು ಬಾಯಿಗಿಟ್ಟುಕೊಂಡೆ. ನಗಲು ಬಾಯಿ ತೆರೆದ ಅಣ್ಣ ಅಪ್ಪನ ಕೈ ನೋಡಿ ಹಾಗೇ ನಿಂತ. ತೋರುಬೆರಳು ಕೆಂಪಗೆ ಊದಿ ಬೊಬ್ಬೆ ಎದ್ದಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿದರು. ಇನ್ನೂ ಜೋರಾಗಿ ಒತ್ತಿದರು. ಬೊಬ್ಬೆ ಒಡೆಯಿತು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅಣ್ಣ ಓಡಿ ತಣ್ಣೀರು ತಂದು ಅವರ ಕೈ ಹಿಡಿದ.

"ಕೈಗಲ್ಲ ಕಣೋ, ತೊಟ್ಟಿಗೆ ಹಾಕು. ಹಂದಿ ತಣ್ಣಗಾಗ್ತಿದೆ."

ಅಣ್ಣ ಸುರಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ಅದ್ದು."

ಅದ್ದಿದೆ. ಎರಡು ಸಲ ತಡೆದೆ. ಮೂರನೇ ಸಲ ಕೈ ತಾನೇ ಹಿಂದಕ್ಕೆ ಬಂತು.

"ಈಗ ಸುಡ್ತು ಅಪ್ಪಾ."

"ಹೂಂ. ಎಷ್ಟು ಸುಡ್ತು ಅಂತ ನೆನಪಿಟ್ಕೋ."

ಹಂದಿಯನ್ನು ತೊಟ್ಟಿಗೆ ಇಳಿಸಿದೆವು. ಕೂದಲು ಹಿಡಿಹಿಡಿಯಾಗಿ ಕಿತ್ತು ಬಂತು. ಅಪ್ಪ ಅಭ್ಯಾಸಬಲದಿಂದ ಕತ್ತಿಗೆ ಕೈ ಚಾಚಿದರು. ನಾನು ಅದನ್ನು ನನ್ನ ಕಡೆಗೆ ಎಳೆದುಕೊಂಡೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಬೇಡಿಕೊಂಡೆ. ಅಪ್ಪ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.