ಬಲಗೈಯಲ್ಲಿ ಎರಡು

ಎಂಬಿಬಿಎಸ್ ಮುಗಿಸಿ, ಎಂಡಿ ಮುಗಿಸಿ, ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದ ಮೇಲೂ ನಾನು ವಿದ್ಯಾರ್ಥಿನಿ. ಕೀಲುವಾತದ ವಿಭಾಗದಲ್ಲಿ ಎರಡು ವರ್ಷದ ಫೆಲೋಶಿಪ್. ಮುಗಿಯಲು ಒಂದೇ ಪರೀಕ್ಷೆ ಬಾಕಿ ಇತ್ತು. ರೋಗಿಯ ಎರಡೂ ಕೈ ಮುಟ್ಟಿ ಎಷ್ಟು ಕೀಲು ಊದಿವೆ ಎಂದು ಹೇಳಬೇಕು. ವಿಭಾಗದ ಮುಖ್ಯಸ್ಥೆ, ನಮ್ಮ ಮೇಡಂ, ಮೊದಲೇ ಮುಟ್ಟಿ ನೋಡಿ ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ. ಇಬ್ಬರ ಲೆಕ್ಕವೂ ತಾಳೆಯಾಗಬೇಕು. ಈಗಾಗಲೇ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯದೂ ಹೋದರೆ ಇನ್ನಾರು ತಿಂಗಳು ಇಲ್ಲೇ ಕೊಳೆಯಬೇಕು.

ಡುಮ್ಕಿಗೆ ಕಾರಣ ಟೈಲರಮ್ಮ. ಬಟ್ಟೆ ಹೊಲಿದು ಹೊಲಿದು ನಿವೃತ್ತರಾದ ಹಳೆಯ ರೋಗಿ. ಪರೀಕ್ಷೆಯ ದಿನ ಕೈ ಕೊಡಲು ಖುಷಿಯಿಂದ ಬರುತ್ತಾರೆ. ನಾನು ಬೆರಳು ಮುಟ್ಟುವ ಮೊದಲೇ ಮುಖ ಕಿವುಚುತ್ತಾರೆ. ನಾನು ಕರಗಿ ನೀರಾಗಿ ಆ ಕೀಲನ್ನೂ ಎಣಿಸಿಬಿಡುತ್ತೇನೆ.

"ನೀನು ಕಿವಿಯಿಂದ ಎಣಿಸ್ತೀಯ ಕಣೇ," ಎಂದಿದ್ದರು ಮೇಡಂ. "ಅವರು ನರಳಿದಷ್ಟೂ ನಿನ್ನ ಲೆಕ್ಕ ಏರುತ್ತೆ."

ಹಾಗಾಗಿ ಮನೆಯಲ್ಲಿ ಅಭ್ಯಾಸ ಶುರುಮಾಡಿದ್ದೆ. ಗಂಡ ಜೇಬಿನಿಂದ ಕೈ ತೆಗೆಯುವುದನ್ನೇ ಬಿಟ್ಟ. ಅತ್ತೆ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕೈಗೇ ಕೊಟ್ಟರೆ ಲೋಟದ ಜೊತೆ ಕೈಯನ್ನೂ ಹಿಡಿದುಕೊಳ್ಳುತ್ತೇನೆಂಬ ಭಯ.

ಪರೀಕ್ಷೆಯ ದಿನ ಮೂರನೇ ನಂಬರಿನ ಕೋಣೆ. ಮೇಜಿನ ಮೇಲೆ ಮಡಿಸಿಟ್ಟ ಚೀಟಿ, ಅದರ ಮೇಲೆ ಮೇಡಂ ಕನ್ನಡಕದ ಡಬ್ಬಿ, ಹಿಂದಿನ ಕುರ್ಚಿಯಲ್ಲಿ ಮೇಡಂ.

"ಇವತ್ತು ಎಷ್ಟು ಹೇಳ್ಬೇಕು ಅಂತಿದ್ದೀಯ, ಮಗಳೇ? ಬೇಕಾದ್ರೆ ಮೆತ್ತಗೆ ಹೇಳಿಕೊಡ್ತೀನಿ," ಎಂದರು ಟೈಲರಮ್ಮ.

"ದಯವಿಟ್ಟು ಸುಮ್ನಿರಿ ಅಮ್ಮಾ."

"ಬಾಯಿ ಸುಮ್ನಿರುತ್ತೆ. ಮುಖದ ಗ್ಯಾರಂಟಿ ಕೊಡಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಕೀಲಿನ ಒಂದು ಬದಿಯಲ್ಲಿ ಒತ್ತಿದರೆ, ಊತವಿದ್ದಲ್ಲಿ ಇನ್ನೊಂದು ಬದಿಯಲ್ಲಿಟ್ಟ ನನ್ನ ಹೆಬ್ಬೆರಳಿನ ಕೆಳಗೆ ನೀರು ತುಂಬಿದ ಬಲೂನಿನಂತೆ ಏನೋ ಏಳುತ್ತದೆ. ಎಡಗೈಯಲ್ಲಿ ಮೂರು ಎದ್ದವು. "ಬಲಗೈ," ಎಂದೆ. ಕುರ್ಚಿ ಕಿರುಗುಟ್ಟಿತು. ಕೈ ಬಂತು. ಒಂದೊಂದೇ ಕೀಲು ಒತ್ತುತ್ತ ಹೋದೆ.

"ಎಡಗೈ ಮೂರು. ಬಲಗೈಯಲ್ಲಿ ಎರಡು. ತೋರುಬೆರಳಿನ ಬುಡ, ನಡುಬೆರಳಿನ ಬುಡ."

ಟೈಲರಮ್ಮ ಕಿಸಕ್ಕೆಂದರು. ಕಣ್ಣು ಬಿಟ್ಟೆ. ನಾನು ಹಿಡಿದಿದ್ದ ಕೈಯಲ್ಲಿ ಚಿನ್ನದ ಬಣ್ಣದ ಗಡಿಯಾರ ಇತ್ತು, ಉಂಗುರ ಇತ್ತು. ಆ ಕೈಯ ಇನ್ನೊಂದು ತುದಿಯಲ್ಲಿ ಮೇಡಂ ಇದ್ದರು.

"ಇವರು ನನ್ನ ಕೈ ಎಳ್ಕೊಂಡು ನಿನಗೆ ಕೊಟ್ರು. ನೋಡೋಣ ಅಂತ ನಾನೂ ಸುಮ್ನಿದ್ದೆ," ಎಂದರು ಮೇಡಂ. "ಗಡಿಯಾರ ಕಟ್ಟಿದ ಕೈ ಯಾರದು ಅಂತಲೂ ಗೊತ್ತಾಗಲ್ವಾ ನಿನಗೆ?"

ಎರಡು ವರ್ಷ ಈ ವಿಭಾಗದಲ್ಲಿದ್ದರೆ ಗೊತ್ತಾಗುವುದಿಲ್ಲ. ಕೀಲು ಬಿಟ್ಟರೆ ಮನುಷ್ಯರಿಗೆ ಬೇರೇನಾದರೂ ಇದೆ ಎಂಬುದೇ ಮರೆತುಹೋಗುತ್ತದೆ.

"ಚೆನ್ನಾಗಿರೋ ಕೈಯಲ್ಲಿ ಎರಡು ಊತ ಹುಡುಕಿದ್ದೀಯ. ಫೇಲ್." ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಬೇರೆ ದಿನವಾಗಿದ್ದರೆ ಸಾರಿ ಎನ್ನುತ್ತಿದ್ದೆ. ಆದರೆ ಆರು ತಿಂಗಳು ಕಣ್ಣೆದುರು ನಿಂತಿತ್ತು. ಮೇಲಾಗಿ ಹೆಬ್ಬೆರಳುಗಳು ಒಪ್ಪುತ್ತಿರಲಿಲ್ಲ.

"ಎರಡೇ, ಮೇಡಂ."

"ಏನೇ? ನನಗೆ ಒಂಚೂರೂ ನೋವಿಲ್ಲ!"

"ನೋವಿನ ವಿಚಾರ ನಾನು ಕೇಳಲೇ ಇಲ್ಲ, ಮೇಡಂ."

"ಭಾನುವಾರ ಪರದೆ ಎಲ್ಲ ಒಗೆದೆ, ಅದಕ್ಕೇ ಸ್ವಲ್ಪ..." ಮೇಡಂ ತಟಕ್ಕನೆ ನಿಲ್ಲಿಸಿದರು. ಅದೇ ಮಾತನ್ನು ಎದುರಿನ ಕುರ್ಚಿಯ ರೋಗಿಗಳಿಂದ ಸಾವಿರ ಸಲವಾದರೂ ಕೇಳಿದ್ದರು.

"ನಾನು ಮೊದಮೊದಲು ತಪ್ಪನ್ನೆಲ್ಲ ಕತ್ತರಿ ಮೇಲೆ ಹಾಕ್ತಿದ್ದೆ," ಎಂದು ಟೈಲರಮ್ಮ ಸಮಾಧಾನ ಮಾಡಿದರು.

ನಾನು ಬಿಡಲಿಲ್ಲ. "ಬೆಳಿಗ್ಗೆ ಎದ್ದಾಗ ಕೈ ಬಿಗಿಯುತ್ತಾ?"

"ಹಲ್ಲುಜ್ಜೋವರೆಗೆ."

"ಮೇಡಂ."

"ತಿಂಡಿವರೆಗೆ."

"ಮೇಡಂ!"

"ಸರಿ ಮಾರಾಯ್ತಿ, ಇಲ್ಲಿ ಬಂದು ಕಾರು ನಿಲ್ಸೋವರೆಗೆ!"

ಮೂಲೆಯಲ್ಲಿದ್ದ ಅಲ್ಟ್ರಾಸೌಂಡ್ ಯಂತ್ರವನ್ನು ಮೇಡಂ ತಾವೇ ಎಳೆದುಕೊಂಡರು. ಬೆರಳಿನ ಬುಡಕ್ಕೆ ಜೆಲ್ ಬಳಿದುಕೊಂಡು, ಯಂತ್ರದ ಹಿಡಿಯನ್ನು ಅಲ್ಲಿ ಒತ್ತಿ ಅದರ ಪರದೆಯತ್ತ ಬಾಗಿದರು. ಎರಡೂ ಕೀಲುಗಳ ಮೇಲೆ ಉಗುರಿನಷ್ಟು ಕಪ್ಪಗೆ ಕಂಡಿತು, ಊತದ ನೀರು. ಬಹಳ ಹೊತ್ತು ನೋಡಿದರು.

ಆಮೇಲೆ ಮೇಡಂ ಜೆಲ್ ಒರೆಸಿಕೊಂಡರು. "ಇವರ ಬಲಗೈ ಬಾಕಿ ಇದೆ. ಪರೀಕ್ಷೆ ಅಂದ್ರೆ ಪರೀಕ್ಷೆ."

ಈ ಸಲ ಕಣ್ಣು ಬಿಟ್ಟುಕೊಂಡೇ ಮುಟ್ಟಿದೆ. ಟೈಲರಮ್ಮ ತಮಗೆ ತಿಳಿದ ಎಲ್ಲ ಮುಖಗಳನ್ನೂ ಮಾಡಿದರು. ಮಣಿಕಟ್ಟು ಮಾತ್ರ ಊದಿತ್ತು. "ಒಂದು. ಒಟ್ಟು ನಾಲ್ಕು," ಎಂದೆ. ಮೇಡಂ ಚೀಟಿ ಬಿಡಿಸಿದರು. ನಾಲ್ಕು. ನನ್ನ ಪುಸ್ತಕದಲ್ಲಿ ಸಹಿ ಬಿತ್ತು. ಸಹಿ ಮಾಡುವಾಗ ಪೆನ್ನನ್ನು ಅವರು ಎಷ್ಟು ಸಡಿಲವಾಗಿ ಹಿಡಿದಿದ್ದಾರೆಂದು ಮೊದಲ ಸಲ ಗಮನಿಸಿದೆ.

"ರಕ್ತಪರೀಕ್ಷೆ ನಾನೇ ಬರ್ಕೋತೀನಿ," ಎಂದರು.

"ಪೇಷೆಂಟ್ ಬರೆಯೋ ಹಾಗಿಲ್ಲ. ಆ ಕಡೆ ಕೂತ್ಕೊಳ್ಳಿ, ಮೇಡಂ."

ಗೊಣಗುತ್ತ ಎದ್ದು ಹೋಗಿ ಟೈಲರಮ್ಮನ ಪಕ್ಕ ಕೂತರು. ನಾನು ಅವರ ಕುರ್ಚಿಯಲ್ಲಿ ಕೂತು ಹೊಸ ಹಾಳೆ ತೆಗೆದೆ.

"ವಯಸ್ಸು?"

"ನಲವತ್ತೆಂಟು."

ನಾನು ಬರೆಯದೆ ಕಾದೆ.

"ಐವತ್ತೆರಡು," ಎಂದರು ಮೇಡಂ, ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿ.